ಊರು, ಬದುಕು, ಮನಸ್ಸಿನ ಕಾಯಿಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನಸ್ಸಿನ ಕಾಯಿಲೆಗಳಲ್ಲಿ ಸಾಮಾಜಿಕ ಪರಿಸ್ಥಿತಿಯ ಪಾತ್ರವೇನು ಎಂಬುದನ್ನು ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಓದುಗರನ್ನು ಕೋರಿದ್ದೆವು. ಬಂದ ಪತ್ರಗಳಲ್ಲಿ ಉತ್ತರ ಕನ್ನಡ ಜಿಲ್ಲೆಯವೇ ಹೆಚ್ಚಾಗಿದ್ದುದರಿಂದ ಅವುಗಳಲ್ಲಿ ನಾಲ್ಕನ್ನು ಆಯ್ದು, ಬರೆದವರ ಹೆಸರುಗಳನ್ನು ಬಿಟ್ಟು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಾನ್ಯರೇ, ನಮ್ಮದು ಅಡಿಕೆ ತೋಟಗಳ ನಡುವಿನ ಊರು. ಹೆಚ್ಚಿನ ಮನೆಗಳಲ್ಲಿ ವಯಸ್ಸಾದ ಅಪ್ಪ, ಅಮ್ಮ ಮಾತ್ರ ಉಳಿದಿದ್ದಾರೆ. ಮಕ್ಕಳು ಬೆಂಗಳೂರು ಸೇರಿದ್ದಾರೆ. ತೋಟ ನೋಡಿಕೊಂಡು ಊರಲ್ಲೇ ಉಳಿದ ಗಂಡುಮಕ್ಕಳಿಗೆ ಮದುವೆಗೆ ಹೆಣ್ಣು ಸಿಗುತ್ತಿಲ್ಲ. ನಿದ್ದೆಗೆ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು ಈಗೀಗ ಬಹಳ ಜನ. ಮನಸ್ಸಿನ ಕಾಯಿಲೆ ಮೊದಲಿಗಿಂತ ಹೆಚ್ಚಾಗಿದೆಯೇ? ಇದಕ್ಕೆ ವಂಶ ಕಾರಣವೋ, ಪರಿಸ್ಥಿತಿ ಕಾರಣವೋ?
— ಗೃಹಿಣಿ, ಶಿರಸಿ ತಾಲ್ಲೂಕು

ಉತ್ತರ: ಮಾತ್ರೆ ತೆಗೆದುಕೊಳ್ಳುವವರ ಸಂಖ್ಯೆಯಿಂದ ಕಾಯಿಲೆಯ ಪ್ರಮಾಣವನ್ನು ಅಳೆಯಲು ಬರುವುದಿಲ್ಲ. ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು, ಅವರಲ್ಲಿ ಶೇ. 70ರಿಂದ 92ರವರೆಗಿನ ಜನರಿಗೆ, ಅಂದರೆ ಕಾಯಿಲೆ ಯಾವುದೆಂಬುದರ ಮೇಲೆ ಹೆಚ್ಚುಕಡಿಮೆಯಾಗಿ, ಚಿಕಿತ್ಸೆಯೇ ದೊರೆತಿರಲಿಲ್ಲ. ಹೀಗಿರುವಾಗ ನಿಮ್ಮೂರಿನಲ್ಲಿ ಮಾತ್ರೆ ಹೆಚ್ಚಾಗಿರುವುದಕ್ಕೆ, ಹಿಂದೆ ಮೆತ್ತಿಯ ಕೋಣೆಯಲ್ಲಿ ಯಾರಿಗೂ ಕಾಣದಂತೆ ನರಳುತ್ತಿದ್ದವರು ಈಗ ವೈದ್ಯರ ಬಳಿ ಹೋಗುತ್ತಿರುವುದೂ ಒಂದು ಕಾರಣವಾಗಿರಬಹುದು. ಹಾಗಿದ್ದರೆ ಅದು ಸಂತೋಷದ ಸಂಗತಿ. ಕಾಯಿಲೆ ನಿಜಕ್ಕೂ ಹೆಚ್ಚಾಗಿದೆಯೇ ಎಂದು ತಿಳಿಯಬೇಕಾದರೆ, ಒಂದೇ ಪ್ರದೇಶದಲ್ಲಿ ಕೆಲವು ವರ್ಷಗಳ ಅಂತರದಲ್ಲಿ, ಅದೇ ಪ್ರಶ್ನಾವಳಿಯನ್ನು ಹಿಡಿದು ಮನೆಮನೆಗೆ ಹೋಗಿ ಕೇಳಬೇಕಾಗುತ್ತದೆ. ಆಸ್ಪತ್ರೆಯ ದಾಖಲೆಗಳಷ್ಟನ್ನೇ ನೋಡಿದರೆ, ಬಸ್ಸು ಸಿಕ್ಕಿ, ಕೈಯಲ್ಲಿ ಹಣವಿದ್ದು, ನಾಲ್ಕು ಜನರ ಮಾತಿಗೆ ಅಂಜದೆ ಅಲ್ಲಿಯವರೆಗೆ ಬರಲು ಸಾಧ್ಯವಾದವರು ಮಾತ್ರ ಲೆಕ್ಕಕ್ಕೆ ಸಿಗುತ್ತಾರೆ.

ಇಂಥ ಮನೆಮನೆಯ ಅಧ್ಯಯನವೊಂದು ನಮ್ಮ ಕರಾವಳಿಯಲ್ಲೇ ನಡೆದಿದೆ. ಮನೋವೈದ್ಯರಾದ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಈಗ ಉಡುಪಿ ಜಿಲ್ಲೆಗೆ ಸೇರಿರುವ ಕೋಟದಲ್ಲಿ ಬ್ರಾಹ್ಮಣ, ಬಂಟ ಮತ್ತು ಮೊಗವೀರ ಸಮುದಾಯಗಳ ಮನೆಗಳಿಗೆ ಹೋಗಿ, ಜನರಲ್ಲಿ ಕಾಣುವ ಮಾನಸಿಕ ಲಕ್ಷಣಗಳನ್ನು ಅವರ ಕುಟುಂಬ ಪದ್ಧತಿ, ಬದಲಾಗುತ್ತಿದ್ದ ಜೀವನಕ್ರಮ ಇವುಗಳೊಂದಿಗೆ ಹೋಲಿಸಿ ನೋಡಿದರು. ಅವರ ವರದಿ 1976ರಲ್ಲಿ ಪ್ರಕಟವಾಯಿತು. ಜನರು ನಾಟಿ ವೈದ್ಯರು, ಮಂತ್ರವಾದಿಗಳು, ಮೈಮೇಲೆ ದರ್ಶನ ಬರುವ ಪಾತ್ರಿಗಳು ಇವರ ಬಳಿಗೂ, ಆಧುನಿಕ ವೈದ್ಯರ ಬಳಿಗೂ, ಎರಡರ ನಡುವೆ ವಿರೋಧವೆಣಿಸದೆ ಹೋಗುತ್ತಿದ್ದುದನ್ನು ಕಪೂರ್ ದಾಖಲಿಸಿದರು. ನಮ್ಮ ಜಿಲ್ಲೆಯಲ್ಲಿ ಇಂದಿಗೂ ಇದು ನಡೆದೇ ಇದೆ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಕಾಣದ ಎಷ್ಟೋ ಸಂಗತಿಗಳು ಸಂಶೋಧಕರು ಜಗಲಿಯಲ್ಲಿ ಕುಳಿತು ಕೇಳಿದಾಗ ಮಾತ್ರ ತಿಳಿಯುತ್ತವೆ ಎಂಬ ಕಾರಣಕ್ಕೆ ಈ ಅಧ್ಯಯನವನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ.

ಇನ್ನು ವಂಶವೋ ಪರಿಸ್ಥಿತಿಯೋ ಎಂಬುದು. ಇಂಗ್ಲೆಂಡಿನ ಜೆಫ್ರಿ ರೋಸ್ ಎಂಬ ವೈದ್ಯರು 1985ರ ಒಂದು ಲೇಖನದಲ್ಲಿ ಈ ಬಗೆಯ ಗೊಂದಲವನ್ನು ಬಿಡಿಸಿಟ್ಟಿದ್ದಾರೆ. ಈ ವ್ಯಕ್ತಿಗೇ ಕಾಯಿಲೆ ಏಕೆ ಬಂತು ಎಂಬುದು ಒಂದು ಪ್ರಶ್ನೆ. ಈ ಜನಸಮುದಾಯದಲ್ಲಿ ಕಾಯಿಲೆ ಇಷ್ಟು ಪ್ರಮಾಣದಲ್ಲಿ ಏಕಿದೆ ಎಂಬುದು ಬೇರೆಯೇ ಪ್ರಶ್ನೆ. ಎರಡಕ್ಕೂ ಉತ್ತರ ಒಂದೇ ಆಗಿರಬೇಕಾಗಿಲ್ಲ. ನಿಮ್ಮ ತೋಟದಲ್ಲೇ ಇದನ್ನು ನೋಡಬಹುದು. ಒಂದೇ ತೋಟದಲ್ಲಿ ಒಂದು ಮರಕ್ಕೆ ಕೊಳೆ ಬಂದು ಪಕ್ಕದ ಮರಕ್ಕೆ ಬಾರದಿದ್ದರೆ ಆ ಮರದ ಗುಣ, ಔಷಧಿ ಸಿಂಪಡಿಸಿದ ರೀತಿ ಇತ್ಯಾದಿಗಳನ್ನು ವಿಚಾರಿಸುತ್ತೇವೆ. ಆದರೆ ಒಂದು ವರ್ಷ ಇಡೀ ಸೀಮೆಗೆ ಕೊಳೆರೋಗ ಬಂದರೆ ಆ ವರ್ಷ ಬಿಡದೆ ಸುರಿದ ಮಳೆಯನ್ನು ನೋಡಬೇಕಾಗುತ್ತದೆ. ಮಳೆ ಎಲ್ಲ ಮರಗಳ ಮೇಲೂ ಒಂದೇ ರೀತಿ ಬಿದ್ದಿರುವುದರಿಂದ, ಮರಮರಗಳನ್ನಷ್ಟೇ ಹೋಲಿಸುತ್ತ ಕುಳಿತವರಿಗೆ ಮಳೆಯೊಂದು ಕಾರಣವೆಂದು ತೋರುವುದೇ ಇಲ್ಲ. ಒಂದು ಮನೆಯಲ್ಲಿ ಒಬ್ಬರಿಗೆ ಖಿನ್ನತೆ ಬಂದುದರಲ್ಲಿ ವಂಶವಾಹಿಯ ಪಾಲಿರಬಹುದು. ಆದರೆ ಊರಿಗೆ ಊರೇ ಕುಗ್ಗಿದೆ ಎಂದು ನಿಮಗನ್ನಿಸಿದರೆ ಅದಕ್ಕೆ ವಂಶ ವಿವರಣೆಯಾಗಲಾರದು, ಏಕೆಂದರೆ ಊರಿನ ರಕ್ತಸಂಬಂಧಗಳು ಮೂವತ್ತು ವರ್ಷಗಳಲ್ಲಿ ಬದಲಾಗಿಲ್ಲ, ಬದಲಾದದ್ದು ಬದುಕು.

ಬದುಕಿನ ಯಾವ ಅಂಶ ಎಂದು ಕೇಳಿದರೆ, ಖಿನ್ನತೆಯ ವಿಷಯದಲ್ಲಿ ನನಗೆ ಮೊದಲು ನೆನಪಾಗುವುದು ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಲಂಡನ್ನಿನ ಕ್ಯಾಂಬರ್‌ವೆಲ್ ಭಾಗದ ಹೆಂಗಸರ ನಡುವೆ ಮಾಡಿದ ಅಧ್ಯಯನ. 1978ರಲ್ಲಿ ಪ್ರಕಟವಾದ ಅದರಲ್ಲಿ, ದೊಡ್ಡದೊಂದು ನಷ್ಟ ಅಥವಾ ಬಹುಕಾಲದ ಕಷ್ಟ ಎದುರಾದಾಗ, ಮನಸ್ಸು ಬಿಚ್ಚಿ ಮಾತನಾಡಬಲ್ಲ ಒಬ್ಬ ಆಪ್ತರೂ ಇಲ್ಲದವರು ಅಂಥವರಿದ್ದವರಿಗಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ಖಿನ್ನತೆಗೆ ಒಳಗಾಗಿದ್ದು ಕಂಡುಬಂದಿತು. ಮನೆಯಲ್ಲಿ ಚಿಕ್ಕ ಮಕ್ಕಳು ಮೂವರಿಗಿಂತ ಕಡಿಮೆಯಿಲ್ಲದಿರುವುದು, ಹೊರಗೆ ಉದ್ಯೋಗವಿಲ್ಲದಿರುವುದು, ಹನ್ನೊಂದು ವರ್ಷದೊಳಗೆ ತಾಯಿಯನ್ನು ಕಳೆದುಕೊಂಡಿರುವುದು ಕೂಡ ಅಪಾಯವನ್ನು ಹೆಚ್ಚಿಸಿದ್ದವು. ಲಂಡನ್ನಿನ ಪಟ್ಟಿಯನ್ನು ಶಿರಸಿಗೆ ಹಾಗೆಯೇ ತಂದು ಅಂಟಿಸುವುದು ಸರಿಯಲ್ಲವಾದರೂ, ಮನೆಗಳ ನಡುವೆ ದೂರವಿರುವ, ಮಳೆಗಾಲದಲ್ಲಿ ಕರೆಂಟೂ ಫೋನೂ ಕೈಕೊಡುವ ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ, ಆಪ್ತರಿಲ್ಲದಿರುವುದರ ಪರಿಣಾಮ ಕಡಿಮೆಯಿರಲು ಕಾರಣವಿಲ್ಲ. ಮದುವೆಯಾಗದೆ ಉಳಿದ ಯುವಕರ ಸಂಕಟವೂ ಇದೇ ಬಗೆಯದು. ಅದಕ್ಕಾಗಿ ಓದಿ, ದುಡಿದು ತಮ್ಮ ಬದುಕನ್ನು ತಾವೇ ಆರಿಸಿಕೊಂಡ ಹೆಣ್ಣುಮಕ್ಕಳನ್ನು ದೂರುವುದು ಅನ್ಯಾಯ. ಮದುವೆಯಾಗದವನನ್ನು ಪ್ರತಿ ಸಮಾರಂಭದಲ್ಲೂ ಅದೇ ಮಾತೆತ್ತಿ ಚುಚ್ಚುವುದನ್ನು ನಿಲ್ಲಿಸುವುದಂತೂ ಊರಿನವರ ಕೈಯಲ್ಲೇ ಇದೆ.

ಪ್ರಶ್ನೆ: ಒಂದು ದೊಡ್ಡ ಯೋಜನೆಗಾಗಿ ನಮ್ಮ ಮನೆ, ಗದ್ದೆಗಳು ಹೋದವು, ಸಮುದ್ರದ ದಂಡೆಯಿಂದ ನಾವು ಪುನರ್ವಸತಿ ಕಾಲೊನಿಗೆ ಬಂದೆವು. ಅಂದಿನಿಂದ ತಂದೆಯವರು ಮಾತೇ ಕಡಿಮೆ ಮಾಡಿದರು, ಅಣ್ಣ ಕುಡಿತಕ್ಕೆ ಬಿದ್ದ. ನೆಂಟರು, ‘ಆ ಮನೆಯವರೇ ಹಾಗೆ, ಬಂದ ಪರಿಹಾರವನ್ನೂ ಉಳಿಸಿಕೊಳ್ಳಲಿಲ್ಲ’ ಎನ್ನುತ್ತಾರೆ. ಬಡತನದಿಂದ ಕಾಯಿಲೆಯೋ, ಕಾಯಿಲೆಯಿಂದ ಬಡತನವೋ, ದಯವಿಟ್ಟು ತಿಳಿಸಿ.
— ಕಾರವಾರದ ಓದುಗ

ಉತ್ತರ: ನೀವು ಕೇಳಿರುವ ಪ್ರಶ್ನೆಯನ್ನೇ ಈ ಕ್ಷೇತ್ರದ ಸಂಶೋಧಕರು ದಶಕಗಳಿಂದ ಕೇಳುತ್ತ ಬಂದಿದ್ದಾರೆ. 1939ರಲ್ಲಿ ಫ್ಯಾರಿಸ್ ಮತ್ತು ಡನ್‌ಹ್ಯಾಮ್ ಎಂಬುವರು ಷಿಕಾಗೋ ನಗರದ ನಕ್ಷೆಯ ಮೇಲೆ ರೋಗಿಗಳ ವಿಳಾಸಗಳನ್ನು ಗುರುತಿಸಿದಾಗ, ಸ್ಕಿಜೋಫ್ರೇನಿಯಾ (ಇಲ್ಲದ ದನಿಗಳು ಕೇಳಿಸುವ, ಆಧಾರವಿಲ್ಲದ ನಂಬಿಕೆಗಳು ಬಲವಾಗುವ ತೀವ್ರ ಮಾನಸಿಕ ಕಾಯಿಲೆ) ಇದ್ದವರು ನಗರದ ನಡುವಿನ ಬಡ ಬಡಾವಣೆಗಳಲ್ಲಿ ಹೆಚ್ಚಾಗಿ ಕಂಡುಬಂದರು. ಬಡಾವಣೆಯೇ ಕಾಯಿಲೆಗೆ ಕಾರಣವೆಂದು ಕೆಲವರು ವಾದಿಸಿದರೆ, ಕಾಯಿಲೆಯಿಂದ ಕೆಲಸ ಕಳೆದುಕೊಂಡವರು ಅಲ್ಲಿಗೆ ಬಂದು ಸೇರಿದರೆಂದು ಇನ್ನು ಕೆಲವರು ವಾದಿಸಿದರು. 1963ರಲ್ಲಿ ಗೋಲ್ಡ್‌ಬರ್ಗ್ ಮತ್ತು ಮಾರಿಸನ್ ಅವರು ರೋಗಿಗಳ ಜೊತೆಗೆ ಅವರ ತಂದೆಯಂದಿರ ಉದ್ಯೋಗವನ್ನೂ ಪರಿಶೀಲಿಸಿದರು: ತಂದೆಯಂದಿರು ಎಲ್ಲ ವರ್ಗಗಳಲ್ಲೂ ಸಾಮಾನ್ಯ ಜನರಂತೆಯೇ ಹರಡಿದ್ದರು, ಕೆಳಗಿಳಿದವರು ಮಕ್ಕಳು ಮಾತ್ರ. ಅಂದರೆ ಆ ಕಾಯಿಲೆಯ ವಿಷಯದಲ್ಲಿ ಬಡತನವು ಬಹುಮಟ್ಟಿಗೆ ಕಾಯಿಲೆಯ ಫಲ.

ಆದರೆ ನಿಮ್ಮ ಮನೆಯ ಕಥೆ ಬೇರೆ, ಅದಕ್ಕೆ ಹೊಂದುವ ಉತ್ತರವೂ ಬೇರೆ. ಬ್ರೂಸ್ ಡೋರೆನ್‌ವೆಂಡ್ ಮತ್ತು ಸಂಗಡಿಗರು ಇಸ್ರೇಲಿನಲ್ಲಿ ನಡೆಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನವು ಎರಡು ವಾದಗಳನ್ನೂ ಒಟ್ಟಿಗೇ ಪರೀಕ್ಷೆಗೆ ಒಡ್ಡಿತು. ಸ್ಕಿಜೋಫ್ರೇನಿಯಾದಲ್ಲಿ ಕಾಯಿಲೆಯಿಂದಲೇ ಬಡತನಕ್ಕೆ ಇಳಿಯುತ್ತಾರೆಂಬ ವಾದ ಗಟ್ಟಿಯೆಂದು ಕಂಡರೂ, ಹೆಂಗಸರ ಖಿನ್ನತೆಯಲ್ಲಿ ಹಾಗೂ ಗಂಡಸರ ಕುಡಿತ, ಮಾದಕ ವಸ್ತುಗಳ ಚಟದಂಥವುಗಳಲ್ಲಿ ಕಷ್ಟದ ಪರಿಸ್ಥಿತಿಯೇ ಕಾರಣವೆಂಬ ವಾದ ಗಟ್ಟಿಯೆಂದು ಕಂಡಿತು. ಆದ್ದರಿಂದ ‘ಮಾನಸಿಕ ಕಾಯಿಲೆ’ ಎಂದು ಎಲ್ಲವನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಕಾರಣ ಹುಡುಕಬಾರದು.

ಪರಿಸ್ಥಿತಿ ಸುಧಾರಿಸಿದರೆ ಮನಸ್ಸೂ ಸುಧಾರಿಸುತ್ತದೆಯೇ ಎಂಬುದಕ್ಕೂ ಸಾಕ್ಷ್ಯವಿದೆ. ಇಂಡೋನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ಸರ್ಕಾರ ನೇರವಾಗಿ ಹಣ ನೀಡಿದ ಕಡೆಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಶೇ. 18ರಷ್ಟು ತಗ್ಗಿತೆಂದು 2019ರ ಅಧ್ಯಯನವೊಂದು ತೋರಿಸಿತು. ಮಳೆ ಕೈಕೊಟ್ಟು ಬೆಳೆಯ ಆದಾಯ ಕುಸಿದಾಗ ಅದು ಏರುವುದನ್ನೂ ಅದೇ ಅಧ್ಯಯನ ಗುರುತಿಸಿತು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಚೆರೋಕಿ ಬುಡಕಟ್ಟಿನ ಕುಟುಂಬಗಳಿಗೆ ಸಮುದಾಯದ ಕ್ಯಾಸಿನೊ ಲಾಭದ ಪಾಲು ಸಿಗತೊಡಗಿದ ಮೇಲೆ, ಬಡತನದಿಂದ ಮೇಲೆದ್ದ ಮನೆಗಳ ಮಕ್ಕಳ ನಡವಳಿಕೆಯ ತೊಂದರೆಗಳು ಕಡಿಮೆಯಾದವು, ಆದರೆ ಆತಂಕ ಮತ್ತು ಖಿನ್ನತೆಯ ಲಕ್ಷಣಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಹಣ ಎಲ್ಲವನ್ನೂ ವಾಸಿಮಾಡುವುದಿಲ್ಲ. ನೆಲ ಕಳೆದುಕೊಂಡವರು ಹಣದ ಜೊತೆಗೆ ನೆರೆಹೊರೆ, ಊರ ದೇವರ ಹಬ್ಬ, ಬಲೆ ಬೀಸಲು ಹೋಗುವ ದಾರಿ ಎಲ್ಲವನ್ನೂ ಕಳೆದುಕೊಂಡಿರುತ್ತಾರೆ. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಕಚೇರಿಗಳಿಗೆ ಅಲೆದಾಟವೂ ಸೇರಿಕೊಳ್ಳುತ್ತದೆ. ನಿಮ್ಮ ನೆಂಟರ ಮಾತು ಕ್ರೂರವಾದದ್ದು, ಅದಕ್ಕೆ ಸಂಶೋಧನೆಯ ಆಧಾರವೂ ಇಲ್ಲ. ಕಾರಣ ಹೊರಗಿನದೆಂಬ ಕಾರಣಕ್ಕೆ ಚಿಕಿತ್ಸೆ ಬೇಡವೆಂದು ಮಾತ್ರ ತಿಳಿಯಬೇಡಿ. ತಂದೆಯವರನ್ನೂ ಅಣ್ಣನನ್ನೂ ಕಾರವಾರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಇಬ್ಬರಿಗೂ ಗುಣವಾಗುವ ಅವಕಾಶ ಚೆನ್ನಾಗಿಯೇ ಇದೆ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಸ್ಕಿಜೋಫ್ರೇನಿಯಾ ಎಂದು ತಿಳಿದು ಮನೆಗೆ ಕರೆತಂದೆವು. ಪಟ್ಟಣಕ್ಕೆ ಕಳುಹಿಸಿದ್ದೇ ತಪ್ಪಾಯಿತೇ? ಒಂದು ಮದುವೆ ಮಾಡಿದರೆ ಸರಿಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ.
— ತಾಯಿ, ಕುಮಟಾ

ಉತ್ತರ: ಅಮ್ಮಾ, ಮಗನನ್ನು ಕಳುಹಿಸಿದ್ದು ತಪ್ಪಲ್ಲ. ಡೆನ್ಮಾರ್ಕಿನ ಜನದಾಖಲೆಗಳ ಆಧಾರದ ಅಧ್ಯಯನಗಳಲ್ಲಿ, ರಾಜಧಾನಿಯಲ್ಲಿ ಹುಟ್ಟಿದವರಿಗೆ ಈ ಕಾಯಿಲೆ ಬರುವ ಸಂಭವ ಹಳ್ಳಿಗಳಲ್ಲಿ ಹುಟ್ಟಿದವರದ್ದಕ್ಕಿಂತ ಸುಮಾರು 2.4 ಪಟ್ಟು ಹೆಚ್ಚೆಂದು ಕಂಡದ್ದು ನಿಜ. ಆದರೆ ಕಡಿಮೆ ಮತ್ತು ಮಧ್ಯಮ ಆದಾಯದ 42 ದೇಶಗಳ ಮಾಹಿತಿಯನ್ನು 2018ರಲ್ಲಿ ವಿಶ್ಲೇಷಿಸಿದವರಿಗೆ ನಗರವಾಸಕ್ಕೂ ಇಂಥ ಲಕ್ಷಣಗಳಿಗೂ ಆ ಬಗೆಯ ನಂಟು ಕಾಣಲಿಲ್ಲ. ಯುರೋಪಿನ ನಗರಗಳ ಲೆಕ್ಕವನ್ನು ಬೆಂಗಳೂರಿಗೆ ಅನ್ವಯಿಸಲು ಬರುವುದಿಲ್ಲ. ಈ ಕಾಯಿಲೆ ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಮೂವತ್ತರೊಳಗೆ ತಲೆದೋರುತ್ತದೆ. ನಮ್ಮ ಮಕ್ಕಳು ಮನೆ ಬಿಟ್ಟು ಹೊರಡುವ ವಯಸ್ಸೂ ಅದೇ ಆಗಿರುವುದರಿಂದ ಒಂದರಿಂದ ಇನ್ನೊಂದು ಆಯಿತೆಂದು ತೋರುತ್ತದೆ.

ಕಾಯಿಲೆ ಬಂದ ಮೇಲೆ ಗುಣಮುಖವಾಗುವುದರಲ್ಲಿ ಮನೆಯ ವಾತಾವರಣದ ಪಾತ್ರ ದೊಡ್ಡದು. ಸದಾ ಟೀಕೆ, ಸಿಡುಕು, ಅತಿಯಾದ ಕಾವಲು ಇರುವ ಮನೆಗಳಿಗೆ ಮರಳಿದ ರೋಗಿಗಳಲ್ಲಿ ಕಾಯಿಲೆ ಮತ್ತೆ ಮತ್ತೆ ಉಲ್ಬಣಿಸುವುದು ಹೆಚ್ಚೆಂದು ಲಂಡನ್ನಿನಲ್ಲಿ ಕಂಡುಕೊಂಡರು. ಇದೇ ಪರೀಕ್ಷೆಯನ್ನು ಚಂಡೀಗಢದಲ್ಲಿ ಮಾಡಿದಾಗ, ನಮ್ಮವರ ಮನೆಗಳಲ್ಲಿ ಅಂಥ ಕಟುತನ ಗಮನಾರ್ಹವಾಗಿ ಕಡಿಮೆಯಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ಆಗ್ರಾ, ಚಂಡೀಗಢ ಸೇರಿದಂತೆ ಹಲವು ದೇಶಗಳ ಕೇಂದ್ರಗಳಲ್ಲಿ ನಡೆಸಿದ ಅಧ್ಯಯನಗಳಲ್ಲಿ ಅಭಿವೃದ್ಧಿಶೀಲ ದೇಶಗಳ ರೋಗಿಗಳು ಹೆಚ್ಚು ಚೇತರಿಸಿಕೊಂಡಿದ್ದರು. ಈ ತೀರ್ಮಾನವನ್ನು ನಂತರದ ಸಂಶೋಧಕರು ಪ್ರಶ್ನಿಸಿರುವುದರಿಂದ ಅದನ್ನೇ ನೆಚ್ಚಿ ಔಷಧಿ ಬಿಡಿಸಬಾರದು. ಮದುವೆ ಚಿಕಿತ್ಸೆಯಲ್ಲ. ವಿಷಯ ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಔಷಧಿಯನ್ನೂ ಮುಚ್ಚಿಡಬೇಕಾಗುತ್ತದೆ, ಅದರಿಂದ ಕಾಯಿಲೆ ಮರುಕಳಿಸುತ್ತದೆ, ಮನೆಗೆ ಬಂದ ಹುಡುಗಿಗೂ ದ್ರೋಹವಾಗುತ್ತದೆ. ಮಗ ಚೇತರಿಸಿಕೊಂಡು ತಾನಾಗಿ ಬಯಸಿದರೆ, ಎಲ್ಲವನ್ನೂ ತಿಳಿದು ಒಪ್ಪುವವರಿದ್ದರೆ ಆಗ ಯೋಚಿಸಬಹುದು. ಸದ್ಯಕ್ಕೆ ಅವನಿಗೆ ಬೇಕಾದದ್ದು ತಪ್ಪದ ಔಷಧಿ ಮತ್ತು ಅಂಗಡಿಯದೋ ತೋಟದ್ದೋ ಒಂದು ನಿತ್ಯದ ಕೆಲಸ.

ಪ್ರಶ್ನೆ: ಸಮೀಕ್ಷೆಗೆ ಹೋದಾಗ, ‘ನಮ್ಮ ಮನೆಯಲ್ಲಿ ಯಾರಿಗೂ ತಲೆ ಕೆಟ್ಟಿಲ್ಲ, ಇಲ್ಲಿಗೇಕೆ ಬಂದಿರಿ’ ಎಂದು ಜನ ಕೋಪಿಸಿಕೊಳ್ಳುತ್ತಾರೆ. ಏನು ಹೇಳಲಿ?
— ಆಶಾ ಕಾರ್ಯಕರ್ತೆ, ಯಲ್ಲಾಪುರ

ಉತ್ತರ: ಕಾಯಿಲೆಯಿಲ್ಲದ ಮನೆಗಳಲ್ಲೂ ಕೇಳದಿದ್ದರೆ ಹೋಲಿಕೆ ಸಾಧ್ಯವಿಲ್ಲವೆಂದು, ಯಾವ ಮನೆಗೆ ಹೋಗಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆಯೇ ಹೊರತು ಯಾರ ಮೇಲಿನ ಅನುಮಾನದಿಂದಲೂ ಅಲ್ಲವೆಂದು ತಿಳಿಸಿ. ‘ತಲೆ’, ‘ಹುಚ್ಚು’ ಎಂಬ ಮಾತು ನಿಮ್ಮ ಬಾಯಲ್ಲಿ ಬರದಿರಲಿ. ನಿದ್ದೆ, ಊಟ, ಬೇಸರ, ಮೈಕೈ ನೋವು ಇವುಗಳಿಂದ ಮಾತು ಆರಂಭಿಸಿ. ಸಾಧ್ಯವಾದರೆ ಸೊಸೆಯೊಡನೆ ಅತ್ತೆಯಿಲ್ಲದಾಗ, ಅತ್ತೆಯೊಡನೆ ಸೊಸೆಯಿಲ್ಲದಾಗ ಮಾತನಾಡಿ. ಒಂದು ಮನೆಯ ಉತ್ತರ ಇನ್ನೊಂದು ಮನೆಯಲ್ಲಿ ನಿಮ್ಮ ಬಾಯಿಂದ ಹೊರಬಿತ್ತೆಂದರೆ ಆ ಕೇರಿಯಲ್ಲಿ ಮತ್ತೆ ಯಾರೂ ನಿಜ ಹೇಳುವುದಿಲ್ಲ. ಯಾರಾದರೂ ಬದುಕುವುದೇ ಬೇಡವೆಂದು ಹೇಳಿದರೆ ಫಾರಂ ಪಕ್ಕಕ್ಕಿಟ್ಟು ಅವರ ಜೊತೆ ಕುಳಿತುಕೊಳ್ಳಿ, ಮನೆಯವರಲ್ಲಿ ನಂಬಿಕಸ್ಥರೊಬ್ಬರನ್ನು ಕರೆಯಿರಿ, ಆರೋಗ್ಯ ಕೇಂದ್ರದ ವೈದ್ಯರಿಗೆ ಅಂದೇ ತಿಳಿಸಿ. ಹಗಲು ರಾತ್ರಿಯೆನ್ನದೆ ಕನ್ನಡದಲ್ಲಿ ಉಚಿತವಾಗಿ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಎಂಬುದನ್ನು ಕ್ಯಾಲೆಂಡರಿನ ಮೇಲೆ ಬರೆದು ಬನ್ನಿ.