ಎಂಜಿನ್ ಬೆಲ್ಟಿನ ಒಂದೇ ಅಂಚು ಸವೆದಿದ್ದರೆ ಮೊದಲು ಪುಲ್ಲಿ ನೋಡಿಸಿ

ಟ್ರಕ್ಕಿಗೆ 9,000 ಕಿ.ಮೀ. ಆಗುವಷ್ಟರಲ್ಲೇ ಎಂಜಿನ್ನಿನಲ್ಲಿ ಆಲ್ಟರ್ನೇಟರ್ ಮುಂತಾದವನ್ನು ತಿರುಗಿಸುವ ಬೆಲ್ಟಿನ ಒಂದು ಅಂಚು ನೂಲು ಬಿಟ್ಟಿದೆ, ಬೆಳಿಗ್ಗೆ ಕೀಚ್ ಅನ್ನುತ್ತದೆ ಅಂದಿರಿ. ಇದು ಸಹಜ ಸವೆತ ಅಲ್ಲ. ಈಗಿನ ಇಪಿಡಿಎಂ ಅನ್ನೋ ಕೃತಕ ರಬ್ಬರಿನ ಬೆಲ್ಟ್ ಟೈರ್ ಥರ ನಿಧಾನಕ್ಕೆ ಸವೆಯುತ್ತದೆ. ಬೆಲ್ಟ್ ಓಡುವ ಯಾವುದೋ ಗಾಲಿ, ಅಂದರೆ ಪುಲ್ಲಿ, ವಾರೆಯಾಗಿದೆ, ಇಲ್ಲವೇ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್‌ನ ಬೇರಿಂಗ್ ಸಡಿಲವಾಗಿದೆ ಅಂತ ನನ್ನ ಅನುಮಾನ.

ಸದ್ದು ಬರುವಾಗ ಬೆಲ್ಟಿನ ಗೆರೆಗಳಿರುವ ಬದಿಗೆ ದೂರದಿಂದ ಸ್ವಲ್ಪ ನೀರು ಚಿಮುಕಿಸಿ. ಕೈ, ಬಟ್ಟೆ ಹುಷಾರು. ಸದ್ದು ಕ್ಷಣ ನಿಂತು ಮತ್ತೆ ಬಂದರೆ ಹೆಚ್ಚಾಗಿ ಪುಲ್ಲಿ ಸಾಲು ತಪ್ಪಿರುತ್ತದೆ. ಜಾಸ್ತಿಯಾದರೆ ಬಿಗಿ ಸಾಲದೆ ಜಾರುತ್ತಿದೆ.

ಸುಮ್ನೆ ಬೆಲ್ಟ್ ಬದಲಿಸಿ ಕಳಿಸಲು ಬಿಡಬೇಡಿ, ಹೊಸದೂ ಹೀಗೇ ಹಾಳಾಗುತ್ತದೆ ಅಲ್ವಾ? ಫೋಟೊ ತೆಗೆದಿಡಿ. ವಾರಂಟಿ ಇರುವಾಗಲೇ, ಕಾರಣ ಹುಡುಕಬೇಕು ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ.