ಮೊದಲ ಸಿಗಡಿ ಟ್ಯಾಂಕ್: ಈ ಭಾನುವಾರ ನೀರು ಮಾತ್ರ ತುಂಬಿಸಿ

ನೀವು ಕೇಳಿದ್ದು ಇಷ್ಟು. ಮನೆಯಲ್ಲಿ 8 ಲೀಟರಿನ ಗಾಜಿನ ಬೌಲ್ ಖಾಲಿ ಇದೆ. ಈ ಭಾನುವಾರ ನೀರು ತುಂಬಿಸಿ, ಕೆಂಪು, ಹಳದಿ, ನೀಲಿ ಎಲ್ಲ ಸೇರಿಸಿ ಇಪ್ಪತ್ತು ಸಿಗಡಿ ಬಿಡಬಹುದಾ? ಫಿಲ್ಟರ್ ಬೇಕೇ ಬೇಕಾ? ದಿನಕ್ಕೆ ಎಷ್ಟು ಸಲ ಆಹಾರ ಹಾಕಬೇಕು? ಈಗಾಗಲೇ ಇರುವ ಬೆಟ್ಟಾ ಮೀನನ್ನೂ ಅದರ ಜೊತೆ ಬಿಡಬಹುದಾ?

ಭಾನುವಾರ ನೀರು ಖಂಡಿತ ತುಂಬಿಸಿ, ಆದರೆ ಆ ಬೌಲಿಗೆ ಬೇಡ. ಸಿಗಡಿ ಇನ್ನೂ ಒಂದೂವರೆ ತಿಂಗಳು ಅಂಗಡಿಯಲ್ಲೇ ಇರಲಿ. ಯಾಕೆ ಅಂತ ವಿವರವಾಗಿ ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಯಾವ ಸಿಗಡಿ ಅನ್ನುವುದು. ಅಂಗಡಿಯಲ್ಲಿ ಚೆರ್ರಿ ಶ್ರಿಂಪ್ ಅಂತ ಸಿಗುತ್ತದಲ್ಲ, ಅದೇ ಸರಿ. ಅದರ ಜಾತಿ ನಿಯೋಕ್ಯಾರಿಡಿನಾ ಡೇವಿಡಿ. ಹಳದಿ, ನೀಲಿ, ಕಿತ್ತಳೆ, ಕಪ್ಪು ಅಂತ ಮಾರುವುದರಲ್ಲಿ ಹೆಚ್ಚಿನವು ಇದೇ ಜಾತಿಯವು. ಕಾಡಿನಲ್ಲಿ ಇದರ ಬಣ್ಣ ಮಾಸಲು ಕಂದು. ಮನುಷ್ಯರು ಆರಿಸಿ ಆರಿಸಿ ಮರಿ ಮಾಡಿಸಿ ಈ ಬಣ್ಣಗಳನ್ನು ತಂದಿದ್ದಾರೆ. ಅದಕ್ಕೇ ಮೂರು ಬಣ್ಣ ಒಟ್ಟಿಗೆ ಬಿಡಬೇಡಿ ಅನ್ನುವುದು. ಅವು ಜಗಳ ಆಡುವುದಿಲ್ಲ, ಆರಾಮಾಗಿ ಇರುತ್ತವೆ. ಆದರೆ ಕೂಡಿ ಮರಿ ಹಾಕುತ್ತವೆ, ಕೆಲವು ತಲೆಮಾರಿನಲ್ಲೇ ಟ್ಯಾಂಕ್ ತುಂಬ ಕಂದು ಸಿಗಡಿ. ಅದರಿಂದ ಬೇಜಾರಿಲ್ಲ ಅನ್ನುವವರು ಬಿಡಲಿ. ನಿಮಗೆ ಬಣ್ಣ ಮುಖ್ಯವಾದರೆ ಒಂದೇ ಬಣ್ಣ ತನ್ನಿ.

ಕೆಂಪು ಬಿಳಿ ಪಟ್ಟೆಯ ಕ್ರಿಸ್ಟಲ್ ಶ್ರಿಂಪ್ ನೋಡಿ ಮನಸ್ಸು ಕೆಡುತ್ತದೆ, ಗೊತ್ತು. ಅದು ಕ್ಯಾರಿಡಿನಾ ಗುಂಪಿನದು. ಅದಕ್ಕೆ ಮೆದು, ಹುಳಿ ಕಡೆಗಿನ ನೀರು, ತಂಪು ಎಲ್ಲ ಬೇಕು. ಎರಡನೇ ಟ್ಯಾಂಕಿಗೆ ಇಟ್ಟುಕೊಳ್ಳಿ. ಇನ್ನು ಅಮಾನೊ ಶ್ರಿಂಪ್ ಪಾಚಿ ತಿನ್ನುವುದರಲ್ಲಿ ಎತ್ತಿದ ಕೈ, ಆದರೆ ಸಿಹಿನೀರಿನ ಟ್ಯಾಂಕಿನಲ್ಲಿ ಅದರ ಮರಿ ಉಳಿಯುವುದಿಲ್ಲ. ಮರಿಗಳಿಗೆ ಮೊದಲ ಕೆಲವು ವಾರ ಉಪ್ಪು ಬೆರೆತ ನೀರು ಬೇಕು. ಚೆರ್ರಿಗೆ ಆ ಗೋಳಿಲ್ಲ. ಮೊಟ್ಟೆಯಿಂದ ಬಂದ ದಿನವೇ ಅದು ಪುಟ್ಟ ಸಿಗಡಿ.

ಈಗ ಬೌಲಿನ ವಿಷಯ. ಸಿಗಡಿ 2-3 ಸೆಂಟಿಮೀಟರಿನ ಪ್ರಾಣಿ, ಅದಕ್ಕೆ ಇಷ್ಟು ಜಾಗ ಸಾಲದಾ ಅಂತ ಎಲ್ಲರಿಗೂ ಅನಿಸುತ್ತದೆ. ಜಾಗ ಸಾಲದು ಅನ್ನುವುದಲ್ಲ ತೊಂದರೆ, ನೀರು ಸಾಲದು. 8 ಲೀಟರಿನಲ್ಲಿ ಒಂದು ಚೂರು ಆಹಾರ ಕೊಳೆತರೂ ಅಮೋನಿಯಾ ಏರುತ್ತದೆ. ಮಧ್ಯಾಹ್ನ ಕೋಣೆ ಬಿಸಿಯಾದರೆ ನೀರೂ ಬಿಸಿ, ರಾತ್ರಿ ತಂಪಾದರೆ ನೀರೂ ತಂಪು. ಸಿಗಡಿ ತಡೆಯದಿರುವುದು ಇದನ್ನೇ. ನೀರು ಸ್ವಲ್ಪ ಹೆಚ್ಚು ಕಡಿಮೆ ಇದ್ದರೂ ದಿನಾ ಹಾಗೇ ಇದ್ದರೆ ಹೊಂದಿಕೊಳ್ಳುತ್ತದೆ. ಇವತ್ತೊಂದು ನಾಳೆಯೊಂದು ಆದರೆ ಸಾಯುತ್ತದೆ. ಕನಿಷ್ಠ 20 ಲೀಟರ್ ಇರಲಿ, 40 ಇದ್ದರೆ ನಿಮಗೇ ಸುಲಭ. 45 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ಗಾಜಿನ ಟ್ಯಾಂಕ್ ಸುಮಾರು 40 ಲೀಟರ್ ಹಿಡಿಯುತ್ತದೆ. ನೀರು, ಮರಳು, ಕಲ್ಲು ಸೇರಿ 50 ಕಿಲೋ ಹತ್ತಿರ ಆಗುತ್ತದೆ, ಅಲುಗಾಡದ ಸಮತಟ್ಟಾದ ಮೇಜು ಬೇಕು. ಕಿಟಕಿಯ ನೇರ ಬಿಸಿಲು ಬೀಳುವ ಜಾಗ ಬೇಡ. ಬೌಲಿನಲ್ಲಿ ಗಿಡ ಬೆಳೆಸಿ.

ಫಿಲ್ಟರ್ ಬೇಕಾ? ಬೇಕು. ಆದರೆ ದುಬಾರಿಯದ್ದೇನೂ ಬೇಡ, ಏರ್ ಪಂಪಿಗೆ ಸಿಕ್ಕಿಸುವ ಸ್ಪಾಂಜ್ ಫಿಲ್ಟರ್ ಸಾಕು. ನನ್ನ ಪ್ರಕಾರ ಸಿಗಡಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಎಳೆತ ಮೆಲ್ಲಗಿರುತ್ತದೆ, ಮರಿಗಳು ಒಳಗೆ ಹೋಗುವುದಿಲ್ಲ, ಮೇಲಾಗಿ ಸ್ಪಾಂಜಿನ ಮೇಲೆ ಕೂತು ಇಡೀ ದಿನ ಮೇಯುತ್ತವೆ. ಹೊರಗೆ ತೂಗು ಹಾಕುವ ಫಿಲ್ಟರ್ ಈಗಾಗಲೇ ಇದ್ದರೆ ನೀರು ಎಳೆಯುವ ಬಾಯಿಗೆ ಸ್ಪಾಂಜ್ ತೊಡಿಸಿ. ಏರ್ ಪೈಪಿನಲ್ಲಿ ಒಂದು ಚೆಕ್ ವಾಲ್ವ್ ಇರಲಿ, ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದೆ ಬಂದು ಪಂಪಿಗೆ, ನೆಲಕ್ಕೆ ಹರಿಯಬಹುದು.

ತಳಕ್ಕೆ ಸಾದಾ ಮರಳು ಅಥವಾ ಸಣ್ಣ ಜಲ್ಲಿ ಚೆನ್ನಾಗಿ ತೊಳೆದು ಹಾಕಿ. ಅಕ್ವಾ ಸಾಯಿಲ್ ತಗೊಳ್ಳಿ ಅಂತ ಅಂಗಡಿಯವರು ಹೇಳಬಹುದು. ಅದು ಪಿಎಚ್ ಇಳಿಸುವ, ಅಂದರೆ ನೀರನ್ನು ಹುಳಿ ಕಡೆಗೆ ತಿರುಗಿಸುವ ಮಣ್ಣು, ಹೊಸದರಲ್ಲಿ ಅಮೋನಿಯಾವನ್ನೂ ಬಿಡುತ್ತದೆ. ಕ್ರಿಸ್ಟಲ್ ಸಾಕುವವರಿಗೆ ಅದು ಬೇಕು, ಚೆರ್ರಿಗೆ ಬೇಡ.

ಗಿಡಗಳಲ್ಲಿ ಜಾವಾ ಮಾಸ್ ಒಂದಿದ್ದರೆ ಅರ್ಧ ಕೆಲಸ ಆದಂತೆ. ಮರಿಗಳಿಗೆ ಅಡಗಲು ಜಾಗ, ಮೇಯಲು ಜಾಗ ಎರಡೂ ಅದೇ. ಜೊತೆಗೆ ಅನುಬಿಯಾಸ್, ಜಾವಾ ಫರ್ನ್, ತೇಲುವ ಗಿಡ ಒಂದಿಷ್ಟು. ಇವಕ್ಕೆಲ್ಲ ದಿನಕ್ಕೆ 6ರಿಂದ 8 ಗಂಟೆ ಸಾಧಾರಣ ಲೈಟ್ ಸಾಕು. ಒಂದು ಎಚ್ಚರಿಕೆ: ನರ್ಸರಿಯಿಂದ ಬಂದ ಗಿಡಕ್ಕೆ ಕೀಟನಾಶಕ ಹೊಡೆದಿರಬಹುದು. ಮೀನಿಗೆ ಏನೂ ಆಗದಷ್ಟು ಅಂಶವೂ ಸಿಗಡಿಯನ್ನು ಕೊಲ್ಲುತ್ತದೆ. ತಂದ ಗಿಡವನ್ನು ಬಕೆಟ್ ನೀರಿನಲ್ಲಿ ಒಂದೆರಡು ವಾರ ಇಟ್ಟು, ದಿನಾ ನೀರು ಬದಲಿಸಿ, ಆಮೇಲೆ ಟ್ಯಾಂಕಿಗೆ ಹಾಕಿ. ಗಿಡದ ಜೊತೆ ಸಣ್ಣ ಬಸವನಹುಳು ಬಂದರೆ ಗಾಬರಿ ಬೇಡ, ಅವು ಒಳ್ಳೆಯ ಜಾಡಮಾಲಿಗಳು.

ಇಷ್ಟಾದ ಮೇಲೆ ಅಸಲಿ ಕೆಲಸ ಶುರು, ಅದೇ ಸುಮ್ನೆ ಕಾಯುವುದು. ಸಿಗಡಿಯ ಹಿಕ್ಕೆ, ಕೊಳೆತ ಎಲೆ, ಉಳಿದ ಆಹಾರ ಎಲ್ಲದರಿಂದ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಕಡಿಮೆ ಇದ್ದರೆ ತೊಂದರೆ ಇಲ್ಲ, ಗಿಡ ಹೀರುತ್ತದೆ, ನೀರು ಬದಲಿಸಿದಾಗ ಹೋಗುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಹೆಚ್ಚುಕಮ್ಮಿ ಇರುವುದೇ ಇಲ್ಲ. ಸ್ಪಾಂಜಿನಲ್ಲಿ, ಜಲ್ಲಿಯಲ್ಲಿ ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅವುಗಳಿಗೂ ತಿನ್ನಲು ಅಮೋನಿಯಾ ಬೇಕಲ್ಲ, ಅದಕ್ಕೆ ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರ ಖಾಲಿ ಟ್ಯಾಂಕಿಗೆ ಹಾಕುತ್ತಿರಿ. ನಿಮ್ಮ ಬೆಟ್ಟಾ ಟ್ಯಾಂಕಿನಲ್ಲಿ ಹಳೆಯ ಸ್ಪಾಂಜ್ ಇದ್ದರೆ ಅದನ್ನು ಹೊಸ ಟ್ಯಾಂಕಿನ ನೀರಿನಲ್ಲಿ ಹಿಂಡಿ, ಬ್ಯಾಕ್ಟೀರಿಯಾ ಬೇಗ ಹಿಡಿಯುತ್ತದೆ. ಆ ಟ್ಯಾಂಕಿಗೆ ಯಾವಾಗಲಾದರೂ ಮೀನಿನ ಔಷಧಿ ಹಾಕಿದ್ದರೆ ಮಾತ್ರ ಬೇಡ. ಕಾರಣ ಮುಂದೆ ಬರುತ್ತದೆ.

ಮೊದಲ ವಾರ ನೀರು ಹಾಲು ಬೆರೆಸಿದ ಹಾಗೆ ಮಬ್ಬಾಗಬಹುದು. ಆಮೇಲೆ ಗಾಜಿನ ಮೇಲೆ ಕಂದು ಪಾಚಿ ಬರಬಹುದು. ಒರೆಸಬೇಕು ಅಂತ ಕೈ ತುರಿಸುತ್ತದೆ, ಅಲ್ವಾ? ಮುಂದಿನ ಗಾಜು ಒರೆಸಿಕೊಳ್ಳಿ, ಪಕ್ಕದ್ದು ಹಿಂದಿನದ್ದು ಮುಟ್ಟಬೇಡಿ. ನಮಗೆ ಗಲೀಜು ಅನಿಸುವ ಆ ಪಾಚಿ, ಲೋಳೆ ಪದರವೇ ಸಿಗಡಿಯ ನಿಜವಾದ ಊಟ. ಫಳಫಳ ಹೊಳೆಯುವ ಹೊಸ ಟ್ಯಾಂಕಿನಲ್ಲಿ ಅದಕ್ಕೆ ಮೇಯಲು ಏನೂ ಇರುವುದಿಲ್ಲ. ಮರಿಗಳಂತೂ ಇದಿಲ್ಲದೆ ಬದುಕುವುದೇ ಕಷ್ಟ.

ಹಾಗಾಗಿ ಇರುವ ದುಡ್ಡಿನಲ್ಲಿ ಅಲಂಕಾರದ ಕಲ್ಲಿಗಿಂತ ಮೊದಲು ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ತಗೊಳ್ಳಿ. ಪಟ್ಟಿ ಅದ್ದಿ ನೋಡುವ ಕಿಟ್ ಅಂದಾಜು ಮಾತ್ರ ಹೇಳುತ್ತದೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20 ಪಿಪಿಎಂ (ಲೀಟರಿಗೆ 20 ಮಿಲಿಗ್ರಾಂ) ಒಳಗೆ. ಈ ಮೂರೂ ಒಂದು ವಾರ ಹಾಗೇ ನಿಂತರೆ ಟ್ಯಾಂಕ್ ತಯಾರು.

ಚೆರ್ರಿಗೆ ಪಿಎಚ್ 6.5ರಿಂದ 8 ನಡೆಯುತ್ತದೆ. ಶಾಖ 20ರಿಂದ 26 ಡಿಗ್ರಿ ಸೆಲ್ಸಿಯಸ್ ಚೆನ್ನ. ಪಿಎಚ್ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ನಾನಾದರೆ ಜಿಎಚ್ ನೋಡಿ ಅನ್ನುತ್ತೇನೆ. ಜಿಎಚ್ ಅಂದರೆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಅನ್ನುವ ಲೆಕ್ಕ. 6ರಿಂದ 10 ಇದ್ದರೆ ಒಳ್ಳೆಯದು. ಸಿಗಡಿ ಬೆಳೆಯುವಾಗ ಆಗಾಗ ಹಳೆ ಚಿಪ್ಪು ಕಳಚಿ ಹೊಸದು ಕಟ್ಟಿಕೊಳ್ಳುತ್ತದೆ, ಅದಕ್ಕೆ ಈ ಖನಿಜಗಳು ಬೇಕು. ನಿಮ್ಮದು ಆರ್‌ಒ ನೀರಾದರೆ ಅದರಲ್ಲಿ ಖನಿಜ ಇರುವುದಿಲ್ಲ, ಶ್ರಿಂಪ್‌ಗೆ ಅಂತಲೇ ಬರುವ ಖನಿಜದ ಪುಡಿ ಬೆರೆಸಬೇಕು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಲೇಬೇಕು. ಒಂದು ದಿನ ತೆರೆದಿಟ್ಟರೆ ಸಾಕು ಅನ್ನುವವರಿದ್ದಾರೆ. ಕ್ಲೋರಿನ್ ಹೋಗುತ್ತದೆ, ಆದರೆ ಕೆಲವು ಕಡೆ ಕ್ಲೋರಮೈನ್ ಬೆರೆಸುತ್ತಾರೆ, ಅದು ಹಾಗೆ ಹೋಗುವುದಿಲ್ಲ.

ಚಿಪ್ಪು ಕಳಚುವ ಹೊತ್ತು ಸಿಗಡಿಗೆ ಗಂಡಾಂತರದ ಹೊತ್ತು. ಒಮ್ಮೆಲೇ ಅರ್ಧ ಟ್ಯಾಂಕ್ ನೀರು ಬದಲಿಸಿದರೆ ಆ ಏರುಪೇರಿಗೆ ಅಕಾಲದಲ್ಲಿ ಚಿಪ್ಪು ಬಿಡಲು ಹೋಗಿ ಸಿಕ್ಕಿಹಾಕಿಕೊಂಡು ಸಾಯುತ್ತವೆ. ಕುತ್ತಿಗೆಯ ಸುತ್ತ ಬಿಳಿ ಉಂಗುರದಂತೆ ಬಿರುಕು ಕಂಡರೆ ಅದೇ ಲಕ್ಷಣ. ವಾರಕ್ಕೆ ನೂರಕ್ಕೆ ಹತ್ತು ಪಾಲು ಬದಲಿಸಿ, ಹೊಸ ನೀರು ಅದೇ ಶಾಖದಲ್ಲಿರಲಿ, ನಿಧಾನಕ್ಕೆ ಸುರಿಯಿರಿ. ಆವಿಯಾಗಿ ಕಡಿಮೆಯಾದ ನೀರಿಗೆ ಮಾತ್ರ ಖನಿಜವಿಲ್ಲದ ಆರ್‌ಒ ನೀರು ಹಾಕಬೇಕು, ಯಾಕೆಂದರೆ ನೀರು ಆವಿಯಾದರೂ ಖನಿಜ ಟ್ಯಾಂಕಿನಲ್ಲೇ ಉಳಿಯುತ್ತದೆ. ಸ್ಪಾಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿ. ಕಳಚಿದ ಚಿಪ್ಪು ನೋಡಿ ಸಿಗಡಿ ಸತ್ತಿತು ಅಂತ ಹೊಸಬರು ಹೆದರುತ್ತಾರೆ. ಚಿಪ್ಪು ಪಾರದರ್ಶಕವಾಗಿ ಟೊಳ್ಳಾಗಿರುತ್ತದೆ, ಸತ್ತದ್ದು ಬೇಯಿಸಿದಂತೆ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಚಿಪ್ಪನ್ನು ಅಲ್ಲೇ ಬಿಡಿ, ಅವೇ ತಿಂದು ಮುಗಿಸುತ್ತವೆ.

ತರುವಾಗ ಹತ್ತರಿಂದ ಹದಿನೈದು ತನ್ನಿ. ದೊಡ್ಡವು ಕೆಂಪಗೆ ಚೆಂದ ಕಾಣುತ್ತವೆ ಅಂತ ಅವನ್ನೇ ಆರಿಸಬೇಡಿ. ಇವುಗಳ ಆಯಸ್ಸೇ ಒಂದೆರಡು ವರ್ಷ, ಎಳೆಯವು ಹೊಸ ನೀರಿಗೆ ಬೇಗ ಹೊಂದುತ್ತವೆ. ಮನೆಗೆ ತಂದ ತಕ್ಷಣ ಸುರಿಯಬೇಡಿ. ಚೀಲದ ನೀರಿನ ಸಮೇತ ಪಾತ್ರೆಗೆ ಹಾಕಿ, ಏರ್ ಪೈಪಿನಲ್ಲಿ ಗಂಟು ಹಾಕಿ ಟ್ಯಾಂಕಿನ ನೀರು ಸೆಕೆಂಡಿಗೆ ಒಂದೆರಡು ಹನಿ ಬೀಳುವಂತೆ ಬಿಡಿ. ಒಂದೂವರೆ, ಎರಡು ಗಂಟೆಯಲ್ಲಿ ನೀರು ಮೂರು ಪಟ್ಟಾದಾಗ ಬಲೆಯಿಂದ ಎತ್ತಿ ಟ್ಯಾಂಕಿಗೆ ಬಿಡಿ. ಚೀಲದ ನೀರು ಟ್ಯಾಂಕಿಗೆ ಹೋಗಬಾರದು. ಮೊದಲ ದಿನ ಬಣ್ಣ ಕಳೆದುಕೊಂಡು ಮೂಲೆಯಲ್ಲಿ ಅಡಗುತ್ತವೆ, ಆಮೇಲೆ ಸರಿಹೋಗುತ್ತವೆ.

ಊಟದ ಪ್ರಶ್ನೆ: ದಿನಕ್ಕೆ ಎಷ್ಟು ಸಲ ಅಲ್ಲ, ವಾರಕ್ಕೆ ಎಷ್ಟು ಸಲ ಅಂತ ಕೇಳಿ. ಹತ್ತು ಸಿಗಡಿಗೆ ವಾರಕ್ಕೆ ಎರಡು ಮೂರು ಸಲ, ಒಂದು ಮೆಣಸಿನ ಕಾಳಿನಷ್ಟು ಸಾಕು. ಎರಡು ಗಂಟೆಯಾದರೂ ಉಳಿದಿದ್ದರೆ ತೆಗೆದುಬಿಡಿ. ಬೇಯಿಸಿದ ಸೊಪ್ಪಿನ ಚೂರೂ ಆಗುತ್ತದೆ, ಸಿಂಪಡಣೆ ಇಲ್ಲದ್ದಾಗಿರಬೇಕು. ಒಣಗಿದ ಕಾಡು ಬಾದಾಮಿ ಎಲೆ ಒಂದನ್ನು ಹಾಕಿಟ್ಟರೆ ವಾರಗಟ್ಟಲೆ ಮೇಯುತ್ತವೆ. ಗಾಜಿನ ಮೇಲೆ ತ್ರಿಕೋನ ತಲೆಯ ಬಿಳಿ ಹುಳ ಹರಿದಾಡುವುದು ಕಂಡರೆ ಅದು ಪ್ಲನೇರಿಯಾ, ನೀವು ಜಾಸ್ತಿ ಊಟ ಹಾಕುತ್ತಿದ್ದೀರಿ ಅಂತಲೇ ಅರ್ಥ.

ಈಗ ಆ ಔಷಧಿಯ ಮಾತು. ಮೀನಿನ ಹಲವು ಔಷಧಿಗಳಲ್ಲಿ ತಾಮ್ರ ಇರುತ್ತದೆ. ಸಿಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದೂ ತಾಮ್ರವೇ, ನಮ್ಮಲ್ಲಿ ಕಬ್ಬಿಣ ಇದ್ದಂತೆ. ಆದರೂ ನೀರಿನಲ್ಲಿ ತಾಮ್ರ ಸ್ವಲ್ಪ ಹೆಚ್ಚಾದರೂ ಅದಕ್ಕೆ ವಿಷ, ವಿಚಿತ್ರ ಅಲ್ವಾ? ಹಾಗಾಗಿ ತಾಮ್ರದ ಪಾತ್ರೆಯ ನೀರು ಬೇಡ, ಔಷಧಿಯ ಲೇಬಲ್ ಓದದೆ ಹಾಕಬೇಡಿ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಸೊಳ್ಳೆ, ಜಿರಳೆ ಸ್ಪ್ರೇ. ಅದು ಕೀಟ ಕೊಲ್ಲಲು ಮಾಡಿದ್ದು, ಸಿಗಡಿ ಕೀಟಗಳ ಹತ್ತಿರದ ಬಳಗ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆ. ಟ್ಯಾಂಕ್ ಇರುವ ಕೋಣೆಯಲ್ಲಿ ಸ್ಪ್ರೇ ಹೊಡೆಯಲೇಬೇಡಿ. ನಾಯಿಗೆ ಉಣ್ಣಿ ಔಷಧಿ ಹಚ್ಚಿದ ಕೈ, ಸೊಳ್ಳೆ ಕ್ರೀಮ್ ಹಚ್ಚಿದ ಕೈ ಟ್ಯಾಂಕಿನೊಳಗೆ ಬೇಡ.

ಬಿಸಿಲು ಕಾಲದಲ್ಲಿ ನೀರು 30 ದಾಟಿದರೆ ಮುಚ್ಚಳ ತೆಗೆದು ಸಣ್ಣ ಫ್ಯಾನಿನ ಗಾಳಿ ನೀರಿನ ಮೇಲೆ ಹಾಯುವಂತೆ ಇಡಿ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಏರ್ ಪಂಪ್ ನಿಲ್ಲಿಸಬೇಡಿ. ಐಸ್ ಹಾಕುವ ಆಲೋಚನೆ ಬೇಡ.

ಬೆಟ್ಟಾ ಬೇಡವೇ ಬೇಡ. ಮರಿಗಳನ್ನು ಖಂಡಿತ ತಿನ್ನುತ್ತದೆ, ದೊಡ್ಡದನ್ನೂ ಬಿಡುವುದು ಗ್ಯಾರಂಟಿ ಇಲ್ಲ. ಬಾಯಿಗೆ ಹಿಡಿಸಿದ್ದನ್ನು ನುಂಗುವ ಯಾವ ಮೀನೂ ಮರಿ ಸಿಗಡಿಗೆ ಶತ್ರುವೇ. ಮೊದಲ ಟ್ಯಾಂಕ್ ಸಿಗಡಿಗೇ ಮೀಸಲಿಡಿ. ಆಗ ಹೆಣ್ಣಿನ ಬೆನ್ನ ಮೇಲೆ ತಲೆಯ ಹಿಂದೆ ಹಳದಿ ಮಚ್ಚೆ, ಆಮೇಲೆ ಹೊಟ್ಟೆಯ ಕೆಳಗೆ ಇಪ್ಪತ್ತು ಮೂವತ್ತು ಮೊಟ್ಟೆ, ಮೂರು ನಾಲ್ಕು ವಾರದಲ್ಲಿ ಮಾಸ್ ತುಂಬ ಸಾಸಿವೆಯಷ್ಟು ಚಿಕ್ಕ ಮರಿಗಳು, ಎಲ್ಲ ಕಣ್ಣಾರೆ ನೋಡಬಹುದು.

ನಿಮ್ಮ ನೀರು ಬಾವಿಯದ್ದಾ, ಬೋರ್‌ವೆಲ್ಲಿನದ್ದಾ, ನಲ್ಲಿಯದ್ದಾ ಅಂತ ಹೇಳಲಿಲ್ಲ. ಕಿಟ್ ಬಂದ ಮೇಲೆ ಜಿಎಚ್, ಕೆಎಚ್ (ಪಿಎಚ್ ಏರುಪೇರಾಗದಂತೆ ತಡೆಯುವ ಕಾರ್ಬೊನೇಟಿನ ಲೆಕ್ಕ), ಪಿಎಚ್ ಮೂರನ್ನೂ ನೋಡಿ ಇಲ್ಲೇ ಕೆಳಗೆ ಹಾಕಿ. ಖನಿಜದ ಪುಡಿ ಬೇಕಾ ಬೇಡವಾ ಅಂತ ಆಗ ಹೇಳಬಹುದು, ಅಲ್ಲಿಯವರೆಗೆ ಅದನ್ನು ಕೊಳ್ಳಬೇಡಿ.