ಓದುಗರ ಪ್ರಶ್ನೆ: ಬಣ್ಣ ಹೊರಗೆ, ತುಕ್ಕು ಒಳಗೆ

ಪ್ರಶ್ನೆ: ಓಡಾಟ ನಿಲ್ಲಿಸಿದ ಉಗಿ ಎಂಜಿನ್‌ಗಳೆಲ್ಲ ಏನಾದವು?
— ಓದುಗರು, ಮದ್ದೂರು

ಬಹುಪಾಲು ಗುಜರಿಗೆ ಹೋದವು. ಗುಜರಿಯವರು ಮೊದಲು ಬಿಚ್ಚುವುದು ಇಂಜೆಕ್ಟರ್ (ಬಾಯ್ಲರ್‌ಗೆ ನೀರು ನುಗ್ಗಿಸುವ ಸಾಧನ), ವಾಲ್ವ್, ಬೇರಿಂಗ್, ಸೀಟಿ. ಇವುಗಳ ಹಿತ್ತಾಳೆ, ಗನ್‌ಮೆಟಲ್‌ಗೆ (ತಾಮ್ರ, ತವರದ ಮಿಶ್ರಲೋಹ) ಉಕ್ಕಿಗಿಂತ ಬೆಲೆ ಜಾಸ್ತಿ. ಉಳಿದದ್ದು ಗ್ಯಾಸ್ ಕಟರ್‌ಗೆ, ಅಲ್ಲಿಂದ ಕುಲುಮೆಗೆ. ವೇಲ್ಸ್‌ನ ಬ್ಯಾರಿ ಎಂಬಲ್ಲಿನ ಗುಜರಿಯವರು ಸುಲಭದ ವ್ಯಾಗನ್‌ಗಳನ್ನು ಮೊದಲು ಒಡೆಯುತ್ತ ಕೂತದ್ದರಿಂದ, ಕೊಂಡ 297 ಎಂಜಿನ್‌ಗಳಲ್ಲಿ 213 ಉಳಿದುಕೊಂಡವು. ನಮ್ಮಲ್ಲಿ ಕೆಲವಕ್ಕೆ 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಂಥ ಜಾಗ ಸಿಕ್ಕಿತು.

ಪ್ರಶ್ನೆ: ಪ್ರದರ್ಶನಕ್ಕಿಟ್ಟ ಎಂಜಿನ್‌ಗೆ ಆಗಾಗ ಬಣ್ಣ ಹೊಡೆದರೂ ಮುಂಭಾಗದ ತಳ ತೂತಾಗುವುದೇಕೆ?
— ಓದುಗರು, ಮಂಡ್ಯ

ಅದು ಹೊಗೆಪೆಟ್ಟಿಗೆ. ಒಳಗೆ ಬೂದಿ ಉಳಿದಿರುತ್ತದೆ, ಬೂದಿಯಲ್ಲಿ ಗಂಧಕ. ಚಿಮಣಿಯಿಂದ ಮಳೆನೀರು ಬಿದ್ದರೆ ಆಮ್ಲವಾಗಿ ತಗಡನ್ನು ಒಳಗಿನಿಂದಲೇ ತಿನ್ನುತ್ತದೆ. ದಸರೆಗೆ ಮುಂಚೆ ಬಳಿಯುವ ಬಣ್ಣ ಆ ತುಕ್ಕಿಗೆ ಕಂಬಳಿ ಹೊದಿಸಿದಂತೆ, ಅಷ್ಟೇ.

ಮೊದಲು ಹೊಗೆಪೆಟ್ಟಿಗೆ, ಒಲೆಯ ಜಾಲರಿ, ಬೂದಿತಟ್ಟೆ ಮೂರನ್ನೂ ಕೆರೆದು ಖಾಲಿ ಮಾಡಿ. ಬಾಯ್ಲರ್ ತಳದ ವಾಶ್‌ಔಟ್ ಪ್ಲಗ್ (ತೊಳೆಯುವ ತೂತಿನ ಬಿರಡೆ) ತೆಗೆದು ನೀರು ಪೂರ್ತಿ ಇಳಿಸಿ, ಸಿಲಿಂಡರ್‌ನ ಡ್ರೈನ್ ಕಾಕ್ (ನೀರು ಇಳಿಸುವ ನಲ್ಲಿ) ತೆರೆದಿಡಿ. ಚಿಮಣಿಗೆ ಮುಚ್ಚಳ ಬೇಕು. ಆದರೆ ಎಂಜಿನ್ನನ್ನೇ ಬಿಗಿಯಾಗಿ ಮುಚ್ಚಿಬಿಟ್ಟರೆ ರಾತ್ರಿಯ ತಂಪಿಗೆ ಒಳಗೇ ಬೆವರುತ್ತದೆ. ಪ್ಲಗ್ ತೆಗೆದ ತೂತಿಗೆ ಜಾಲರಿ ಹಾಕಿ, ಗಾಳಿಯಾಡಲಿ. ಬಣ್ಣದ ಸರದಿ ಕೊನೆಗೆ: ವೈರ್ ಬ್ರಷ್‌ನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಅದೇ ದಿನ ಪ್ರೈಮರ್. ಮಾರನೆಯ ದಿನಕ್ಕೆ ಬಿಟ್ಟರೆ ಮತ್ತೆ ತುಕ್ಕಿನ ಪರೆ ಕೂರುತ್ತದೆ.

ಪ್ರಶ್ನೆ: ಇಂಥ ಎಂಜಿನ್‌ಗೆ ನೀರು, ಕಲ್ಲಿದ್ದಲು ತುಂಬಿದರೆ ಓಡುವುದಿಲ್ಲವೆ?
— ಓದುಗರು, ಕುವೆಂಪುನಗರ, ಮೈಸೂರು

ಹಾಗೆ ಮಾಡಿದರೆ ಪ್ರಾಣಕ್ಕೇ ಸಂಚಕಾರ. ಹೊರಗೆ ಕಾಣುವ ದುಂಡನೆಯ ಮೈ ಬರೀ ತಗಡಿನ ಹೊದಿಕೆ. ಅದರಡಿ ಶಾಖ ತಡೆಯುವ ಪದರ (ಆಸ್‌ಬೆಸ್ಟಾಸ್ ಇರಬಹುದು, ಕೈಯಿಂದ ಕೀಳಬೇಡಿ), ಅದರೊಳಗೆ ಬಾಯ್ಲರ್. ಬೆಂಕಿ ಹಾಕುವ ಮೊದಲು ಅದರ ಕೊಳವೆಗಳನ್ನು ಹೊರಗೆಳೆದು, ಬಾಯ್ಲರ್ ತಗಡಿನ ದಪ್ಪ ಅಳೆಯಬೇಕು. ಫೈರ್‌ಬಾಕ್ಸ್ (ಒಲೆ) ಸುತ್ತಲಿನ ನೂರಾರು ಸ್ಟೇಗಳನ್ನು (ಒಲೆಯ ಗೋಡೆಯನ್ನು ಹೊರಗೋಡೆಗೆ ಬಿಗಿದಿಡುವ ಸರಳುಗಳು) ಒಂದೊಂದಾಗಿ ಸುತ್ತಿಗೆಯಿಂದ ತಟ್ಟಿ ನೋಡಬೇಕು: ಗಟ್ಟಿಯಿದ್ದರೆ ಠಣ್ ಎನ್ನುತ್ತದೆ, ಮುರಿದಿದ್ದರೆ ದಬ್. ಆಮೇಲೆ ಒತ್ತಡ ಪರೀಕ್ಷೆ. ನಮ್ಮ ಬ್ರಾಡ್‌ಗೇಜ್ ಪ್ರಯಾಣಿಕ ರೈಲುಗಳನ್ನು ಎಳೆಯುತ್ತಿದ್ದ ಡಬ್ಲ್ಯೂಪಿ ಎಂಜಿನ್ನಿನ ಕೆಲಸದ ಒತ್ತಡ ಚದರ ಇಂಚಿಗೆ 210 ಪೌಂಡ್. ಪರೀಕ್ಷೆ ಅದರ ಒಂದೂವರೆ ಪಟ್ಟು ಒತ್ತಡದಲ್ಲಿ, ಅಂದರೆ 315. ಇದನ್ನು ನೀರಿನಿಂದಲೇ ಮಾಡಬೇಕು. ತಗಡು ಸೀಳಿದರೆ ನೀರು ಚಿಮ್ಮಿ ನಿಲ್ಲುತ್ತದೆ, ಒತ್ತಿಟ್ಟ ಗಾಳಿ ಬಾಂಬಿನಂತೆ ಸಿಡಿಯುತ್ತದೆ.